ಕೂಲಿಯ ಲೆಕ್ಕವೂ ಮಾನದ ಲೆಕ್ಕವೂ

ಕೋಲಾರದ ಚಿನ್ನದ ಗಣಿಗಳೆಂದೊಡನೆ ನಮಗೆ ನೆನಪಾಗುವುದು ಚಿನ್ನದ ತೂಕ, ಗಣಿಯ ಆಳ. ಅಲ್ಲಿಗೆ ಇಳಿದವನ ಬಾಳು ಆಮೇಲಿನ ಮಾತು. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಎಂಬ ಇಂಗ್ಲಿಷ್ ಗ್ರಂಥವು ಈ ಕ್ರಮವನ್ನು ತಿರುಗಿಸಿರುವುದು. ಮೈಸೂರು ಸಂಸ್ಥಾನದ ಕಾಲದ ಗಣಿಯಾಳುಗಳನ್ನೂ ಬೆಂಗಳೂರಿನ ಗಿರಣಿಯಾಳುಗಳನ್ನೂ ಲೇಖಕಿಯವರು ಜೊತೆಯಲ್ಲಿರಿಸಿ ಪರಿಶೀಲಿಸಿದ್ದಾರೆ.

ಇದರಲ್ಲಿ ಹೆಚ್ಚು ಮನನಯೋಗ್ಯವಾದುದು 1930ರ ಮುಷ್ಕರದ ವಿಚಾರ. ಅಂದು ಕಾರ್ಮಿಕರನ್ನು ಕೆರಳಿಸಿದುದು ಬರಿಯ ಕೂಲಿಯ ಪ್ರಶ್ನೆಯಲ್ಲ. ಹೆಬ್ಬೆರಳ ಗುರುತನ್ನೊತ್ತಿ ನೋಂದಣಿ ಪತ್ರ ಪಡೆಯಬೇಕೆಂಬ ಕಟ್ಟಳೆ. ಅಪರಾಧಿಯಿಂದ ಪಡೆಯುವ ಗುರುತನ್ನು ದುಡಿಯುವವನಿಂದ ಕೇಳಿದರೆ ಮಾನವಂತನು ಹೇಗೆ ಸಹಿಸಿಯಾನು? 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಗಣಿಯ ಯಂತ್ರಗಳನ್ನು ನಡೆಸತೊಡಗಿದ ಆ ಸೀಮೆಯಲ್ಲಿ ಗಣಿಯಾಳು ತಟ್ಟಿಯ ಗುಡಿಸಲಿನಲ್ಲಿ ವಾಸಿಸುತ್ತಿದ್ದನು. ಕೂಲಿಯ ಪಟ್ಟಿಯಿಂದಲೇ ಜನರ ಕ್ಷೇಮವನ್ನು ಅಳೆಯುವ ಅರ್ಥಶಾಸ್ತ್ರಕ್ಕೆ ಈ ತಾರತಮ್ಯವು ಗೋಚರಿಸದು.

ಗ್ರಂಥದ ಕಥನವು ಸಂಸ್ಥಾನದ ಕಾಲಕ್ಕೆ ನಿಲ್ಲುವುದು. ಇದು ದೋಷವಲ್ಲ, ನಮಗೆ ಉಳಿದಿರುವ ಕಾರ್ಯ. ಗಣಿಗಳು 1956ರಲ್ಲಿ ಸರ್ಕಾರದ ವಶವಾಗಿ, 2001ರಲ್ಲಿ ಮುಚ್ಚಿದುವು. ಇಂದು ಆ ಮನೆಗಳ ಎಷ್ಟೋ ಮಂದಿ ನಸುಕಿನಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಮೆಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಅವರ ಸಂಬಳವನ್ನು ಬರೆದುಕೊಳ್ಳುವವರು ಪ್ರಯಾಣದಲ್ಲಿ ಕಳೆದುಹೋದ ಹೊತ್ತನ್ನೂ, ಎಚ್ಚರವಿರುವ ಮಕ್ಕಳ ಮುಖ ಕಾಣದ ದಿನಗಳನ್ನೂ ಬರೆದುಕೊಳ್ಳಬೇಕು. ಅಂತಹ ಶೋಧನೆಗೆ ಈ ಗ್ರಂಥವು ದಾರಿ ತೋರಿದೆ; ಅದರಲ್ಲಿ ನಡೆಯಬೇಕಾದವರು ನಮ್ಮ ಜಿಲ್ಲೆಯ ವಿದ್ಯಾವಂತರು.