ಕಿವಿಯಿಂದ ನೋಡುವ ಸಿನಿಮಾ

ಹೋದ ಬೇಸಿಗೆಯಲ್ಲಿ ಡೆಂಕಣಿಕೋಟೆಯಿಂದ ಅಣ್ಣನ ಮೊಮ್ಮಗ ಹೊಸೂರಿನ ನಮ್ಮ ಮನೆಗೆ ಬಂದಿದ್ದ. ಹತ್ತು ವರ್ಷದ ಹುಡುಗ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು. ನಮ್ಮ ಕಡೆಯ ಮಕ್ಕಳ ನಾಲಗೆಗೆ ಇದು ನಿತ್ಯದ ಪಾಡು. ಒಂದು ಮಧ್ಯಾಹ್ನ ಅವನನ್ನು ಕೂರಿಸಿಕೊಂಡು ‘ಬಬ್ರುವಾಹನ’ ಹಾಕಿದೆ. ನಾನು ಅವನ ವಯಸ್ಸಿನಲ್ಲಿದ್ದಾಗ ಈ ಸಿನಿಮಾಕ್ಕಾಗಿ ಊಟ ಬಿಟ್ಟಿದ್ದೆ, ಏಟು ತಿಂದಿದ್ದೆ ಎಂದೆಲ್ಲ ಪೀಠಿಕೆ ಹಾಕಿದ್ದೆ. ಎರಡು ಬಾಣಗಳು ಆಕಾಶದಲ್ಲಿ ತೇಲಿ ಬಂದು ಒಂದಕ್ಕೊಂದು ಮುಟ್ಟಿದಾಗ ಹುಡುಗ ಕಿಸಕ್ಕೆಂದು ನಕ್ಕ. ಆಮೇಲೆ ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ: “ತಾತ, ಇವನ ಪವರ್ ಏನು?”

ಒಳ್ಳೆಯ ಪ್ರಶ್ನೆ. ಅವನು ನೋಡುವ ಸಿನಿಮಾಗಳಲ್ಲಿ ಒಬ್ಬ ಹಾರುತ್ತಾನೆ, ಒಬ್ಬ ಗೋಡೆ ಹತ್ತುತ್ತಾನೆ, ಒಬ್ಬ ಕಣ್ಣಿಂದ ಬೆಂಕಿ ಬಿಡುತ್ತಾನೆ. ಕಿರೀಟ, ಕವಚ ತೊಟ್ಟು ನಿಂತ ನಮ್ಮ ಪೌರಾಣಿಕ ಚಿತ್ರದ ವೀರನಿಗೆ ಏನಿದೆ? ಹುಡುಗನಿಗೆ ಆ ಹೊತ್ತಿನಲ್ಲಿ ಉತ್ತರ ಕೊಡಲಾಗಲಿಲ್ಲ. ಅವನಂತೆಯೇ ಹೊಸದಾಗಿ ಈ ಚಿತ್ರಗಳ ಮುಂದೆ ಕೂರುವವರಿಗೂ, ನನ್ನಂತೆ ಬಹಳ ವರ್ಷಗಳ ಮೇಲೆ ಮತ್ತೆ ಕೂರುವವರಿಗೂ ಆಗಲಿ ಎಂದು ಈ ನಾಲ್ಕು ಮಾತು.

ಕಥೆ ಮೊದಲೇ ತಿಳಿದಿರಲಿ

ಇಲ್ಲಿ ಕಥೆ ಹೇಳಿಬಿಟ್ಟರೆ ರಸಭಂಗವಾಗುವುದಿಲ್ಲ. ತಿಳಿಯದೆ ಕೂತರೇ ನಷ್ಟ. ವನವಾಸದಲ್ಲಿದ್ದ ಅರ್ಜುನ ನಾಗಕನ್ಯೆ ಉಲೂಪಿಯನ್ನೂ ಮಣಿಪುರದ ಚಿತ್ರಾಂಗದೆಯನ್ನೂ ವರಿಸುತ್ತಾನೆ, ತನ್ನ ದಾರಿ ಹಿಡಿಯುತ್ತಾನೆ. ಚಿತ್ರಾಂಗದೆಯ ಮಗ ಬಬ್ರುವಾಹನ ಅಪ್ಪನ ಮುಖ ಕಾಣದೆ ಬೆಳೆಯುತ್ತಾನೆ. ಕುರುಕ್ಷೇತ್ರ ಮುಗಿದ ಮೇಲೆ ಧರ್ಮರಾಯನ ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ, ಮಗ ಅದನ್ನು ಕಟ್ಟುತ್ತಾನೆ. ಕುದುರೆಯ ಹಿಂದೆ ಬಂದವನು ಅಪ್ಪನೆಂದು ತಿಳಿದು ಕಾಣಿಕೆ ಹಿಡಿದು ಹೋದರೆ ಸಿಗುವುದು ತಿರಸ್ಕಾರ. ಅಲ್ಲಿಂದ ಯುದ್ಧ, ಮಗನ ಬಾಣಕ್ಕೆ ಅಪ್ಪ ಬೀಳುತ್ತಾನೆ, ನಾಗಲೋಕದ ಮಣಿಯಿಂದ ಮತ್ತೆ ಏಳುತ್ತಾನೆ. ಲಕ್ಷ್ಮೀಶ ಕವಿ ‘ಜೈಮಿನಿ ಭಾರತ’ದಲ್ಲಿ ವಾರ್ಧಕ ಷಟ್ಪದಿಯಲ್ಲಿ ಹಾಡಿದ ಮೇಲೆ ಇದು ಕನ್ನಡಿಗರ ಮನೆಮಾತು.

ಗೊತ್ತಿರುವ ಕಥೆಯನ್ನೇ ಮತ್ತೆ ಮತ್ತೆ ನೋಡುವುದೇಕೆ ಎನ್ನುವವರು ನಮ್ಮ ಕೃಷ್ಣಗಿರಿ, ಧರ್ಮಪುರಿ ಕಡೆಯ ದ್ರೌಪದಿಯಮ್ಮನ ಜಾತ್ರೆಗೆ ಒಮ್ಮೆ ಬರಬೇಕು. ರಾತ್ರಿಯಿಡೀ ತೆರುಕ್ಕೂತ್ತು ಎಂಬ ತಮಿಳು ಬಯಲಾಟ ನಡೆಯುತ್ತದೆ. ಕೊನೆಗೆ ಬಯಲಿನಲ್ಲಿ ಮಣ್ಣಿನಿಂದ ಮಾಡಿದ ದೈತ್ಯ ದುರ್ಯೋಧನ ಅಂಗಾತ ಮಲಗಿರುತ್ತಾನೆ. ಅವನು ಸಾಯುತ್ತಾನೆಂಬುದು ಕಂಕುಳ ಕೂಸಿಗೂ ಗೊತ್ತು. ಆದರೂ ಜನ ಕಿಕ್ಕಿರಿದು ನಿಲ್ಲುತ್ತಾರೆ. ಮುಂದೇನು ಎಂಬ ಕುತೂಹಲ ಅವರದಲ್ಲ. ಈ ಸಲ ಹೇಗೆ ಎಂಬುದು ಅವರ ಕುತೂಹಲ. ಅದೇ ಮನಸ್ಸಿಟ್ಟುಕೊಂಡು ಸಿನಿಮಾಕ್ಕೆ ಕೂರಿ.

ಇನ್ನು ಕಿವಿ

1977ರ ‘ಬಬ್ರುವಾಹನ’ದ ನಿರ್ದೇಶನ ಹುಣಸೂರು ಕೃಷ್ಣಮೂರ್ತಿಯವರದು. ಸಂಗೀತ ಟಿ.ಜಿ. ಲಿಂಗಪ್ಪ. ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್. ಪೂರ್ತಿ ನೋಡುವ ಮೊದಲು ಅಪ್ಪ, ಮಗ ಎದುರಾಗಿ ನಿಂತು ಹಾಡಿನಲ್ಲೇ ಕಾದಾಡುವ ಭಾಗವೊಂದನ್ನು ಹುಡುಕಿ ಹಾಕಿಕೊಳ್ಳಿ. ಮೊದಲ ಸಲ ಪರದೆಗೆ ಬೆನ್ನು ಹಾಕಿ ಕೂತು ಬರೀ ಕೇಳಿ.

ಅಲ್ಲಿ ಎರಡು ಕಂಠಗಳಿವೆ. ಅರ್ಜುನನಿಗೆ ಹಾಡಿದವರು ಪಿ.ಬಿ. ಶ್ರೀನಿವಾಸ್. ಬಬ್ರುವಾಹನನಿಗೆ ಹಾಡಿದವರು ಸ್ವತಃ ರಾಜ್‌ಕುಮಾರ್. ಇದರ ಹಿಂದೆ ಒಂದು ಚರಿತ್ರೆಯಿದೆ. ವರ್ಷಗಟ್ಟಲೆ ಪರದೆಯ ಮೇಲೆ ರಾಜ್‌ಕುಮಾರ್ ತುಟಿಯಾಡಿಸಿದರೆ ಕೇಳುತ್ತಿದ್ದುದು ಪಿ.ಬಿ.ಎಸ್. ದನಿ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ತಾವೇ ಹಾಡಿದ್ದು ಗೆದ್ದ ಮೇಲೆ ಕ್ರಮೇಣ ಆ ಜಾಗಕ್ಕೆ ಅವರ ಸ್ವಂತ ದನಿಯೇ ಬಂತು. ಅದಾಗಿ ಮೂರು ವರ್ಷಕ್ಕೆ ಈ ಚಿತ್ರ. ಹಳೆಯ ದನಿ ಅಪ್ಪನಾಗಿ ಒಂದು ಕಡೆ, ಹೊಸ ದನಿ ಮಗನಾಗಿ ಇನ್ನೊಂದು ಕಡೆ. ಯೋಚಿಸಿ ಮಾಡಿದರೋ, ತಾನಾಗಿ ಒದಗಿತೋ, ಒಬ್ಬನೇ ನಟನ ಎರಡು ಕಾಲದ ಕಂಠಗಳು ಎದುರುಬದುರು ನಿಂತು ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತವೆ.

ಪಿ.ಬಿ.ಎಸ್. ಎಷ್ಟು ಸಿಟ್ಟಿನ ಸಾಲಾದರೂ ಅಂಚಿಗೆ ಜರಿ ಕಟ್ಟಿಯೇ ಬಿಡುತ್ತಾರೆ. ಆ ನಯ ಬಿರುದುಬಾವಲಿಗಳ ಮೇಲೆ ಕೂತ ಅರ್ಜುನನಿಗೆ ಹೇಳಿ ಮಾಡಿಸಿದಂತಿದೆ. ರಾಜ್ ಅವರದು ಕಂಪನಿ ನಾಟಕದ ಗಂಟಲು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹಿಂದೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ ಹುಡುಗ, ಕೊನೆಯ ಬೆಂಚಿಗೂ ಮುಟ್ಟುವಂತೆ ಮಹಾಪ್ರಾಣ ಒಡೆಯುವುದನ್ನು ಅಲ್ಲೇ ಕಲಿತದ್ದು. ಮಗ ಅಪ್ಪನ ಬಿರುದುಗಳನ್ನು ಒಂದೊಂದಾಗಿ ಕಿತ್ತು ನೆಲಕ್ಕೆಸೆಯುವಾಗ ‘ಭ’, ‘ಘ’, ‘ಷ’ಗಳ ಮೇಲೆ ಕಿವಿ ಇಡಿ. ಒಂದು ಅಕ್ಷರವೂ ಇನ್ನೊಂದರ ಹೆಗಲ ಮೇಲೆ ಬೀಳುವುದಿಲ್ಲ. ಪದದ ಅರ್ಥ ತಿಳಿಯದವರಿಗೂ ಏಟು ಎಲ್ಲಿ ಬಿತ್ತೆಂದು ತಿಳಿಯುತ್ತದೆ.

ನಾನು ಇದನ್ನು ಮೊದಲು ಕಂಡದ್ದು ಆನೇಕಲ್ ಕಡೆಯ ಒಂದು ಟೆಂಟಿನಲ್ಲಿ, ಬಿಡುಗಡೆಯಾಗಿ ಎಷ್ಟೋ ವರ್ಷಕ್ಕೆ. ಸವೆದ ರೀಲು, ಪರದೆಯ ತುಂಬ ಮಳೆ. ನೆಲದ ಟಿಕೆಟ್ಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತರೂ ಮುಂದಿನವರ ತಲೆ ಅಡ್ಡ. ಅರ್ಧ ಸಿನಿಮಾ ಕಂಡೇ ಇರಲಿಲ್ಲ. ಕೇಳಿದ್ದು ಮಾತ್ರ ಪೂರ್ತಿ. ಮಾರನೆಯ ದಿನ ಹೊಲದ ಬದುವಿನ ಮೇಲೆ ನಿಂತು ನಾನೂ ತಮ್ಮನೂ ಅರ್ಥ ತಿಳಿಯದೆಯೇ ಆ ಬೈಗುಳಗಳನ್ನು ವಿನಿಮಯ ಮಾಡಿಕೊಂಡೆವು.

ಕಣ್ಣಿಗೂ ಕೆಲಸವಿದೆ

ಎರಡನೆಯ ಸಲ ಪರದೆ ನೋಡಿ. ಒಬ್ಬನೇ ನಟ ಇಬ್ಬರಾಗಿ ನಿಲ್ಲುವುದಕ್ಕೆ ಆಗ ಕಂಪ್ಯೂಟರ್ ಇರಲಿಲ್ಲ. ಲೆನ್ಸಿನ ಅರ್ಧ ಮುಚ್ಚಿ, ಒಂದು ಪಾತ್ರವನ್ನು ಚಿತ್ರಿಸಿ, ಫಿಲಂ ಹಿಂದಕ್ಕೆ ಸುತ್ತಿ, ಉಳಿದರ್ಧ ತೆರೆದು ಇನ್ನೊಂದು ಪಾತ್ರವನ್ನು ಚಿತ್ರಿಸುವುದು ಆ ಕಾಲದ ದ್ವಿಪಾತ್ರಗಳ ಸಾಮಾನ್ಯ ಉಪಾಯ. ಕ್ಯಾಮೆರಾ ಕೂದಲೆಳೆ ಅಲುಗಿದರೂ ಕೆಲಸ ಕೆಟ್ಟಿತು. ಆದ್ದರಿಂದಲೇ ಇಂಥ ಚೌಕಟ್ಟುಗಳಲ್ಲಿ ಕ್ಯಾಮೆರಾ ಕಂಬದಂತೆ ನಿಂತಿರುತ್ತದೆ, ಇಬ್ಬರ ನಡುವೆ ಒಂದು ಕಾಣದ ಗೆರೆ ಇರುತ್ತದೆ. ಉಳಿದ ಕಡೆ ಬೆನ್ನು ತೋರಿಸಿ ನಿಂತವರು ಬೇರೆ ಯಾರೋ. ಈ ಹೊಲಿಗೆಗಳನ್ನು ಹುಡುಕುವುದೂ ರಸಿಕತೆಯೇ, ಆದರೆ ನಗುವುದಕ್ಕಾಗಿ ಬೇಡ. ಎದುರಿಗೆ ಯಾರೂ ಇಲ್ಲದ ಜಾಗವನ್ನು ನೋಡಿಕೊಂಡು ನಟ ಅಷ್ಟು ಸಿಟ್ಟು ತಂದುಕೊಂಡದ್ದು ಹೇಗೆಂದು ಕೇಳಿಕೊಳ್ಳಿ.

ಬಾಣಗಳ ವಿಷಯಕ್ಕೆ ಬಂದರೆ, ಅವು ನಿಧಾನವಾಗಿ ತೇಲುತ್ತವೆ, ನಿಜ. ಮರುವರ್ಷ, 1978ರ ಕೊನೆಗೆ, ಹಾಲಿವುಡ್ಡಿನ ‘ಸೂಪರ್‌ಮ್ಯಾನ್’ ಬಂತು. ಅವರ ಹಠವೆಲ್ಲ ಮನುಷ್ಯ ಹಾರುವುದನ್ನು ಕಣ್ಣಿಗೆ ನಂಬಿಸುವುದರಲ್ಲಿತ್ತು. ನಮ್ಮವರಿಗೆ ಆ ಹಠವಿರಲಿಲ್ಲ. ನಾಟಕದಲ್ಲಿ ಬಣ್ಣದ ಪರದೆಯನ್ನು ಅರಮನೆ ಎಂದು ಒಪ್ಪಿದ ಜನ, ತೇಲುವ ಬಾಣವನ್ನು ಆಗ್ನೇಯಾಸ್ತ್ರ ಎಂದು ಒಪ್ಪುತ್ತಾರೆಂಬ ಭರವಸೆ ಇತ್ತು.

ಈ ಒಪ್ಪಂದ ಸಿನಿಮಾದೊಂದಿಗೆ ಹುಟ್ಟಿದ್ದಲ್ಲ. ಕೃಷ್ಣಗಿರಿ ಪೇಟೆಗೆ ಹೋದರೆ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳನ್ನು ನೋಡಿ ಬನ್ನಿ. ನಮ್ಮ ಜಿಲ್ಲೆಯ ಹೊಲಗದ್ದೆಗಳಲ್ಲೂ ಅವು ಧಾರಾಳ. ಕನ್ನಡನಾಡಿನಲ್ಲಿ ಎಲ್ಲೆಲ್ಲೂ ಕಾಣುವ ಮೂರಂತಸ್ತಿನ ಕಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಸತ್ತವನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ತುದಿಯಲ್ಲಿ ಕೈಲಾಸ. ವೀರ ಶತ್ರುಗಳಿಗಿಂತ ದೊಡ್ಡವನು. ಶಿಲ್ಪಿಗೆ ಅಳತೆ ಬರುತ್ತಿರಲಿಲ್ಲವೆಂದಲ್ಲ. ನೋಡುವವನ ಕಣ್ಣು ಮೊದಲು ಎಲ್ಲಿಗೆ ಹೋಗಬೇಕೆಂದು ಅವನು ಹೇಳುತ್ತಿದ್ದಾನೆ. ಪೌರಾಣಿಕ ಚಿತ್ರದಲ್ಲಿ ನಾಯಕ ಎದೆಯುಬ್ಬಿಸಿ, ಎದುರಾಳಿಗಿಂತ ಹೆಚ್ಚಾಗಿ ನಮ್ಮ ಕಡೆಗೇ ಮುಖ ಮಾಡಿ ನಿಲ್ಲುವುದೂ ಇದೇ ವ್ಯಾಕರಣ.

ದೊಡ್ಡವರಾಗಿ ನೋಡುವಾಗ

ಹುಡುಗನಾಗಿದ್ದಾಗ ನಾನು ಪೂರ್ತಿ ಬಬ್ರುವಾಹನನ ಪಕ್ಷ. ಅಪ್ಪ ಬಿದ್ದಾಗ ಟೆಂಟಿನಲ್ಲಿ ಸಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಈಗ ಅದೇ ಜಾಗದಲ್ಲಿ ಗಂಟಲು ಕಟ್ಟುತ್ತದೆ. ಕಾಣಿಕೆ ತಂದ ಮಗನನ್ನು ಅರ್ಜುನ ಯಾಕೆ ದೂಡಿದ? ಕುರುಕ್ಷೇತ್ರದಲ್ಲಿ ಅಭಿಮನ್ಯುವನ್ನು ಕಳೆದುಕೊಂಡವನಿಗೆ ಇನ್ನೊಬ್ಬ ಮಗ ಬಂದು ನಿಂತರೆ ಸಹಿಸುವುದು ಸುಲಭವಲ್ಲವೇನೋ. ಸಿನಿಮಾ ಇದನ್ನು ಬಿಡಿಸಿ ಹೇಳುವುದಿಲ್ಲ. ನಮ್ಮ ವಯಸ್ಸು ಹೇಳಿಸುತ್ತದೆ.

ಎಲ್ಲವನ್ನೂ ಒಪ್ಪಬೇಕಿಲ್ಲ. ವಿರಾಟನ ಮನೆಯಲ್ಲಿ ನಾಟ್ಯ ಕಲಿಸಿದ್ದನ್ನು ಎತ್ತಿ ಅರ್ಜುನನ ಗಂಡಸುತನ ಹಂಗಿಸುವ ಮಾತಿಗೆ ಆಗ ಕುಣಿದಿದ್ದೆ, ಈಗ ಕಸಿವಿಸಿಯಾಗುತ್ತದೆ. ಗಂಡಸರಿಬ್ಬರ ಜಗಳದ ನಡುವೆ ವರ್ಷಾನುಗಟ್ಟಲೆ ಕಾದ ಚಿತ್ರಾಂಗದೆಯ ಪಾಡಿಗೆ ಆಗ ನಾನು ಗಮನವನ್ನೇ ಕೊಟ್ಟಿರಲಿಲ್ಲ. ಆ ಪಾತ್ರ ಬಿ. ಸರೋಜಾದೇವಿಯವರದು. ತಮಿಳರು ‘ಕನ್ನಡದ ಗಿಳಿ’ ಎಂದು ಕೊಂಡಾಡಿದ ನಟಿ. ನಮ್ಮ ಗಡಿಯಲ್ಲಿ ಅವರು ಎರಡೂ ಮನೆಯ ಮಗಳು. ಈ ಸಲ ಅವರ ಮುಖ ನೋಡುತ್ತ ಯುದ್ಧ ನೋಡಿ, ಸಿನಿಮಾವೇ ಬೇರೆಯಾಗುತ್ತದೆ.

ಗಡಿಯ ಮಾತು ಬಂತು. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಇವತ್ತು ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಪಿ.ಬಿ.ಎಸ್. ಕಾಕಿನಾಡದವರು, ಬಾಳಿದ್ದು ಮದರಾಸಿನಲ್ಲಿ. ಕನ್ನಡದ ಅತ್ಯಂತ ಗಟ್ಟಿ ಉಚ್ಚಾರಣೆಯ ಹಾಡನ್ನು ಕಟ್ಟಿಕೊಟ್ಟವರು ಹೀಗೆ ಆಚೀಚೆಯವರು. ಹೊಸೂರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಂದಿನ ಪಾಠಗಳು

ರುಚಿ ಹತ್ತಿದರೆ 1983ರ ‘ಭಕ್ತ ಪ್ರಹ್ಲಾದ’ ನೋಡಿ. ಅಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಪ್ರಹ್ಲಾದ ಅವರ ಸ್ವಂತ ಮಗ ಪುನೀತ್. ಮತ್ತೆ ಅಪ್ಪ, ಮಗನ ಜಗಳವೇ. ಈ ಸಲ ಮಗನ ಕೈಯಲ್ಲಿ ಬಿಲ್ಲಿಲ್ಲ. ಮೂರು ಭಾಷೆ ಬರುವ ನಮ್ಮ ಕಡೆಯವರಿಗೆ ಇನ್ನೂ ಒಂದು ಹಬ್ಬ ಇದೆ. 1964ರಲ್ಲೇ ತೆಲುಗಿನಲ್ಲಿ ‘ಬಬ್ರುವಾಹನ’ ಬಂದಿತ್ತು, ಎನ್.ಟಿ. ರಾಮರಾವ್ ಅರ್ಜುನ. ಅದರಲ್ಲಿ ಅಪ್ಪನಿಗೊಬ್ಬ ನಟ, ಮಗನಿಗೊಬ್ಬ ನಟ. ಅದೇ ವರ್ಷ ತಮಿಳಿನಲ್ಲಿ ‘ಕರ್ಣನ್’. ಮಾಡಿದವರು ಕನ್ನಡಕ್ಕೆ ‘ಕಿತ್ತೂರು ಚೆನ್ನಮ್ಮ’ ಕೊಟ್ಟ ಬಿ.ಆರ್. ಪಂತುಲು. ಶಿವಾಜಿ ಗಣೇಶನ್ ಅವರ ತಮಿಳನ್ನೂ ರಾಜ್ ಅವರ ಕನ್ನಡವನ್ನೂ ಒಂದೇ ವಾರದಲ್ಲಿ ಕೇಳಿದರೆ, ಎರಡೂ ನಾಟಕದ ಹಲಗೆಯ ಮೇಲೆ ಹದಗೊಂಡ ಗಂಟಲುಗಳೆಂದು ಯಾರೂ ಹೇಳಿಕೊಡಬೇಕಿಲ್ಲ.

ಅಣ್ಣನ ಮೊಮ್ಮಗನ ಕಥೆ ಅರ್ಧಕ್ಕೆ ನಿಂತಿತು. ಬಾಣಕ್ಕೆ ನಕ್ಕವನು ಹಾಡು ಶುರುವಾದ ಮೇಲೆ ಮೊಬೈಲ್ ಕೆಳಗಿಟ್ಟಿದ್ದ. ಸಿನಿಮಾ ಮುಗಿದು ಊಟಕ್ಕೆ ಕೂತಾಗ ಕೇಳಿದ: “ಬಬ್ರುವಾಹನ ರಾಜ್‌ಕುಮಾರ್ ಅಂದ್ರಲ್ಲ. ಅಪ್ಪನ ಪಾರ್ಟು ಮಾಡಿದ್ದು ಯಾರು?”

“ಅವರೇ.”

ಅನ್ನ ಕಲಸುವ ಕೈ ನಿಂತಿತು. “ಸುಳ್ಳು,” ಅಂದ. “ದನಿ ಬೇರೆ ಇತ್ತು.”