ಪರದೆ ಕಲಿಸುವ ಪಾಠ

ತರಗತಿಯಲ್ಲಿ ಕಲಿಸದ್ದನ್ನು ಹುಡುಗರು ಮೊಬೈಲಿನಲ್ಲಿ ಕಲಿಯುತ್ತಾರೆಂಬುದು ನಿಮಗೂ ಗೊತ್ತು. ಅಲ್ಲಿನ ಪಾಠ ಎಂಥದು? ಎರಡು ಅಶ್ಲೀಲ ಜಾಲತಾಣಗಳ 4,009 ದೃಶ್ಯಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಒಂದರ ಶೇ. 45, ಇನ್ನೊಂದರ ಶೇ. 35 ದೃಶ್ಯಗಳಲ್ಲಿ ಹೊಡೆತ, ಕತ್ತು ಹಿಸುಕುವಿಕೆಯಂಥ ದೈಹಿಕ ಆಕ್ರಮಣವಿತ್ತು. ಅಂಥ ದೃಶ್ಯಗಳಲ್ಲಿ ಶೇ. 97ರಲ್ಲಿ ಗುರಿ ಹೆಣ್ಣು. ನನ್ನನ್ನು ಕಾಡುವುದು ಮತ್ತೊಂದು ಅಂಶ: ಪೆಟ್ಟು ತಿಂದವಳು ನೋವು ತೋರಿದ್ದು ವಿರಳ. ಸುಮ್ಮನಿದ್ದಳು, ಇಲ್ಲವೇ ಸುಖಿಸಿದಳು! ಇದೆಲ್ಲ ನಟನೆ, ಸಂಕಲನ. ನೋಡುವ ಹುಡುಗ ಮಾತ್ರ ಉಪಕರಣದ ದೋಷವನ್ನೇ ಪ್ರಕೃತಿನಿಯಮವೆಂದು ಬರೆದುಕೊಳ್ಳುತ್ತಾನೆ. ದೃಶ್ಯಗಳ ಎಣಿಕೆಯಿಂದ ಕಾರ್ಯಕಾರಣ ಸಂಬಂಧ ಸಿದ್ಧವಾಗದು, ನಿಜ. ಆದರೆ ತಾಳೆ ನೋಡಲು ಅವನಿಗೆ ಬೇರೆ ಆಕರವೆಲ್ಲಿದೆ? ಸಂತಾನೋತ್ಪತ್ತಿಯ ಅಧ್ಯಾಯವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸುವ ಅಧ್ಯಾಪಕರಲ್ಲಿ ನನ್ನ ಗೆಳೆಯರೂ ಇದ್ದಾರೆ.