ಜೇಡಿಮಣ್ಣಿನ ಹದ ಮತ್ತು ಪ್ರಬಂಧಸಾರದ ಭಾಷೆ: ಒಂದು ಜಾನಪದೀಯ ವಿವೇಚನೆ

ಗಾದೆ, ಒಗಟು, ಲಾವಣಿ, ಕಥನಗೀತೆಗಳ ರೂಪನಿಯಮಗಳನ್ನು ಗುರುತಿಸಲು ಜಾನಪದ ವಿದ್ವಾಂಸರು ಪಟ್ಟ ಶ್ರಮ ಅಪಾರವಾದುದು. ಆದರೆ ವಿದ್ವಾಂಸರೇ ತಮ್ಮೊಳಗೆ ಬಳಸುವ ಬರಹ ಪ್ರಕಾರಗಳು ಈ ಬಗೆಯ ಪರಿಶೀಲನೆಗೆ ಒಳಗಾದದ್ದು ಕಡಿಮೆ. ವಿಚಾರ ಸಂಕಿರಣಕ್ಕೆ ಹಲವು ತಿಂಗಳು ಮುಂಚಿತವಾಗಿ ಕಳುಹಿಸಬೇಕಾದ ಪ್ರಬಂಧಸಾರ ಅಂತಹ ಒಂದು ಪ್ರಕಾರ. ಅದಕ್ಕೆ ನಿರ್ದಿಷ್ಟ ಗಾತ್ರವಿದೆ, ಸಿದ್ಧ ನುಡಿಗಟ್ಟುಗಳಿವೆ, ಸ್ವೀಕಾರ-ನಿರಾಕರಣೆಗಳ ವಿಧಿಯಿದೆ. ಹಿರಿಯರ ಬರಹವನ್ನು ನೋಡಿ ಕಿರಿಯರು ಕಲಿಯುವ ಪರಂಪರೆಯೂ ಇದೆ. ಪ್ರಸ್ತುತ ಲೇಖನವು ಜೇಡಿಮಣ್ಣಿನ ವಿಜ್ಞಾನದ ಸಮ್ಮೇಳನಗಳಿಗೆ ಸಿದ್ಧವಾಗುವ ಪ್ರಬಂಧಸಾರ ಹಾಗೂ ಮಂಡನೆಗಳನ್ನು ಈ ದೃಷ್ಟಿಯಿಂದ ನೋಡಲು ಯತ್ನಿಸುತ್ತದೆ. ಈ ವಿಜ್ಞಾನವನ್ನೇ ಆಯ್ದುಕೊಳ್ಳಲು ಕಾರಣ ಸ್ಪಷ್ಟ. ಅದರ ವಸ್ತುವನ್ನು ಕುಂಬಾರ ಸಾವಿರಾರು ವರ್ಷಗಳಿಂದ ಬಲ್ಲ. ಒಂದೇ ಮಣ್ಣಿನ ಬಗ್ಗೆ ಎರಡು ಜ್ಞಾನಪರಂಪರೆಗಳಿರುವಾಗ, ಒಂದು ಇನ್ನೊಂದರ ಪುಟದಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ, ಹೇಗೆ ಕಾಣದೆ ಹೋಗುತ್ತದೆ ಎಂಬುದು ನಮ್ಮ ಶಿಸ್ತಿನ ಪ್ರಶ್ನೆಯೇ ಆಗಿದೆ.

ಈ ಕ್ಷೇತ್ರದ ದೊಡ್ಡ ಕೂಟವೆಂದರೆ ಅಂತಾರಾಷ್ಟ್ರೀಯ ಜೇಡಿಮಣ್ಣು ಅಧ್ಯಯನ ಸಂಘವಾದ ಐಪಿಯಾದ ಸಮ್ಮೇಳನ. ಮೊದಲನೆಯದು 1963ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆಯಿತು. ಆರಂಭದಲ್ಲಿ ಮೂರು ವರ್ಷಕ್ಕೊಮ್ಮೆ, 1981ರ ಅನಂತರ ನಾಲ್ಕು ವರ್ಷಕ್ಕೊಮ್ಮೆ ಅದು ಸೇರುತ್ತ ಬಂದಿದೆ. 2021ರಲ್ಲಿ ಇಸ್ತಾಂಬುಲ್‌ನಲ್ಲಿ ಆಗಬೇಕಿದ್ದ 17ನೆಯ ಸಮ್ಮೇಳನ ಕೋವಿಡ್ ಕಾರಣದಿಂದ 2022ಕ್ಕೆ ಮುಂದೆ ಹೋಯಿತು. 18ನೆಯದು 2025ರಲ್ಲಿ ಡಬ್ಲಿನ್‌ನಲ್ಲಿ ಜರುಗಿತು. ಇದಲ್ಲದೆ ಅಮೆರಿಕದ ಕ್ಲೇ ಮಿನರಲ್ಸ್ ಸೊಸೈಟಿಯ ವಾರ್ಷಿಕ ಸಭೆಗಳಿವೆ. ಇವೆಲ್ಲವುಗಳ ಕರೆಯೋಲೆ ಹೆಚ್ಚುಕಡಿಮೆ ಒಂದೇ ಅಚ್ಚಿನದು: ಗೋಷ್ಠಿಗಳ ಪಟ್ಟಿ, ಕೊನೆಯ ದಿನಾಂಕ, ಪದಮಿತಿ, ಮೌಖಿಕ ಮಂಡನೆಯೋ ಪೋಸ್ಟರೋ ಎಂಬ ಆಯ್ಕೆ, ಮಂಡಿಸುವವರ ಹೆಸರಿಗೆ ಅಡಿಗೆರೆ. ನೋಂದಣಿ ಶುಲ್ಕ ಸಂದಾಯವಾಗದಿದ್ದರೆ ಸಾರ ಅಚ್ಚಾಗುವುದಿಲ್ಲ ಎಂಬ ಸಾಲೂ ಸಾಮಾನ್ಯವಾಗಿ ಇರುತ್ತದೆ. ಡಾಲರ್, ಯೂರೋಗಳಲ್ಲಿರುವ ಆ ಶುಲ್ಕ ನಮ್ಮಂತಹ ದೇಶಗಳ ಸಂಶೋಧನ ವಿದ್ಯಾರ್ಥಿಗೆ ಯಾವ ಪದಮಿತಿಗಿಂತಲೂ ಬಿಗಿಯಾದ ಮಿತಿ.

ಪ್ರಬಂಧಸಾರದ ಒಳರಚನೆಗೆ ಬಂದರೆ, ಭಾಷಾಶಾಸ್ತ್ರಜ್ಞ ಜಾನ್ ಸ್ವೇಲ್ಸ್ 1990ರ ತಮ್ಮ ಕೃತಿಯಲ್ಲಿ ಸಂಶೋಧನ ಲೇಖನಗಳ ಪೀಠಿಕೆಯಲ್ಲಿ ಮೂರು ನಡೆಗಳನ್ನು ಗುರುತಿಸಿದ್ದಾರೆ. ಮೊದಲು ಕ್ಷೇತ್ರದ ಮಹತ್ವವನ್ನು ಸ್ಥಾಪಿಸುವುದು, ಅನಂತರ ಅದರಲ್ಲೊಂದು ತೆರಪನ್ನು ತೋರಿಸುವುದು, ಕೊನೆಗೆ ಆ ತೆರಪನ್ನು ತಾನು ತುಂಬುವುದಾಗಿ ಸಾರುವುದು. ಪ್ರಬಂಧಸಾರದಲ್ಲಿ ಈ ಮೂರೂ ನಾಲ್ಕೈದು ವಾಕ್ಯಗಳಿಗೆ ಇಳಿಯುತ್ತವೆ. ಜಾನಪದ ವಿದ್ಯಾರ್ಥಿಗೆ ಇಲ್ಲಿ ಪ್ರಾಪ್ ನೆನಪಾಗದೆ ಇರಲಾರ. 1928ರ ಅವನ ಅಧ್ಯಯನದ 31 ಕಾರ್ಯಗಳಲ್ಲಿ ‘ಕೊರತೆ’ಯೇ ಕಥೆಯನ್ನು ಹೊರಡಿಸುವ ಕಾರ್ಯ. ಅರಮನೆಯಲ್ಲಿ ಏನೋ ಇಲ್ಲ, ಆದ್ದರಿಂದ ನಾಯಕ ಹೊರಡಬೇಕು. ಸಾಹಿತ್ಯ ಸಮೀಕ್ಷೆಯಲ್ಲಿ ಏನೋ ಇಲ್ಲ, ಆದ್ದರಿಂದ ಸಂಶೋಧಕ ಹೊರಡಬೇಕು. ಈ ಹೋಲಿಕೆಯನ್ನು ಬಹುದೂರ ಎಳೆಯುವುದು ಸಲ್ಲ. ಆದರೆ ಒಂದು ಅಂಶ ಗಮನಾರ್ಹ: ಕೊರತೆ ಎಂದರೆ ಅಚ್ಚಾದ ಸಾಹಿತ್ಯದಲ್ಲಿನ ಕೊರತೆ. ‘ಈ ಪ್ರದೇಶದ ಮಣ್ಣಿನ ಕುರಿತು ಏನೂ ತಿಳಿದುಬಂದಿಲ್ಲ’ ಎಂಬ ವಾಕ್ಯ ಬರೆಯುವಾಗ, ಅದೇ ಪ್ರದೇಶದಲ್ಲಿ ಹತ್ತು ತಲೆಮಾರು ಗಡಿಗೆ ಮಾಡಿದವರಿಗೆ ತಿಳಿದದ್ದು ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ನುಡಿಗಟ್ಟು ಕ್ರಿಯಾಪದಕ್ಕೆ ಸಂಬಂಧಿಸಿದ್ದು. ‘ಮಾದರಿಗಳನ್ನು ಸಂಗ್ರಹಿಸಲಾಯಿತು’. ಎಲ್ಲಿ ಅಗೆಯಬೇಕೆಂದು ಯಾರು ತೋರಿಸಿದರು, ಯಾವ ಮಣ್ಣು ಬೇಡವೆಂದು ಯಾರು ಬದಿಗೆ ಸರಿಸಿದರು ಎಂಬುದು ಈ ‘ಲಾಯಿತು’ವಿನಲ್ಲಿ ಮುಚ್ಚಿಹೋಗುತ್ತದೆ. ಮೂರನೆಯದು ‘ಫಲಿತಾಂಶಗಳನ್ನು ಚರ್ಚಿಸಲಾಗುವುದು’ ಎಂಬ ಭವಿಷ್ಯತ್ತಿನ ವಾಕ್ಯ. ಕೊನೆಯ ದಿನಾಂಕ ಬಂದಾಗ ಪ್ರಯೋಗ ಮುಗಿದಿರುವುದಿಲ್ಲ. ಆದ್ದರಿಂದ ಸಾರವು ಮುಂದೆ ಆಗಲಿರುವುದರ ವಾಗ್ದಾನವಾಗುತ್ತದೆ. ಸಾರಸಂಪುಟವನ್ನು ಮುಂದೆ ಓದುವವನಿಗೆ ಆ ವಾಗ್ದಾನ ನೆರವೇರಿತೇ ಎಂದು ತಿಳಿಯುವ ದಾರಿಯಿರುವುದಿಲ್ಲ. ಒಂದೇ ಒಂದು ಅಂಕಿಯಾದರೂ ಇರುವ ಸಾರ, ಏನೂ ಇಲ್ಲದೆ ಎಲ್ಲವನ್ನೂ ಭರವಸೆ ನೀಡುವ ಸಾರಕ್ಕಿಂತ ಮೇಲು ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಇನ್ನು ವಿಷಯದ ತಿರುಳಿಗೆ ಬರಬಹುದು. ಜೇಡಿಮಣ್ಣು ಎಂದರೇನು ಎಂಬುದನ್ನು ಈ ವಿಜ್ಞಾನ ತನಗೆ ತಾನೇ ಹೇಳಿಕೊಳ್ಳಲು ಬಹುಕಾಲ ತಡಕಾಡಿತು. ಮಣ್ಣುವಿಜ್ಞಾನಿಗಳಿಗೆ 2 ಮೈಕ್ರೋಮೀಟರ್‌ಗಿಂತ ಸಣ್ಣ ಕಣ ಜೇಡಿ. ಗಸಿಶಿಲೆಗಳನ್ನು ಅಭ್ಯಸಿಸುವವರು 4 ಎಂದರು. ಕಲಿಲ ರಸಾಯನಶಾಸ್ತ್ರದವರು 1 ಎಂದರು. 1995ರಲ್ಲಿ ಐಪಿಯಾ ಮತ್ತು ಕ್ಲೇ ಮಿನರಲ್ಸ್ ಸೊಸೈಟಿಗಳ ನಾಮಕರಣ ಸಮಿತಿಗಳ ಪರವಾಗಿ ಗುಗನ್‌ಹೈಮ್ ಮತ್ತು ಮಾರ್ಟಿನ್ ಸಿದ್ಧಪಡಿಸಿದ ಜಂಟಿ ವರದಿ ಗಾತ್ರದ ಅಂಕಿಯನ್ನು ಕೈಬಿಟ್ಟಿತು. ಮುಖ್ಯವಾಗಿ ನಯವಾದ ಕಣಗಳ ಖನಿಜಗಳಿಂದ ಕೂಡಿ ನಿಸರ್ಗದಲ್ಲಿ ದೊರೆಯುವ, ತಕ್ಕಷ್ಟು ನೀರಿದ್ದಾಗ ಸಾಮಾನ್ಯವಾಗಿ ಬೇಕಾದ ಆಕಾರ ತಾಳುವ, ಒಣಗಿದಾಗ ಅಥವಾ ಸುಟ್ಟಾಗ ಗಟ್ಟಿಯಾಗುವ ವಸ್ತು ಎಂಬುದು ಅದರ ತಾತ್ಪರ್ಯ. ಆಕಾರ ತಾಳುವುದು, ಗಟ್ಟಿಯಾಗುವುದು: ಇವೆರಡೂ ತಿಗರಿ ಮತ್ತು ಆವಿಗೆಯ ಗುಣಗಳು. ವಿಜ್ಞಾನದ ವ್ಯಾಖ್ಯೆಯ ಹೃದಯದಲ್ಲಿ ಇರುವುದು ಕುಂಬಾರಿಕೆಯ ಅನುಭವವೇ.

ಆ ವ್ಯಾಖ್ಯೆಯಲ್ಲಿರುವ ‘ತಕ್ಕಷ್ಟು ನೀರು’ ಎಂಬ ಮಾತನ್ನು ಕನ್ನಡದ ಕುಂಬಾರರು ಒಂದೇ ಪದದಲ್ಲಿ ಹೇಳುತ್ತಾರೆ: ಹದ. ಹದ ಮಣ್ಣಿನ ಗುಣವಲ್ಲ, ನೀರಿನ ಅಳತೆಯೂ ಅಲ್ಲ. ಮಣ್ಣು, ನೀರು, ತುಳಿದ ಹೊತ್ತು, ಅಂದಿನ ಬಿಸಿಲು, ಮಾಡಲಿರುವ ಪಾತ್ರೆ ಇವೆಲ್ಲ ಕೂಡಿದಾಗಿನ ಸ್ಥಿತಿ ಅದು. ಹಿಟ್ಟಿಗೆ, ಬೆಲ್ಲದ ಪಾಕಕ್ಕೆ, ಬಿತ್ತನೆಯ ಹೊಲಕ್ಕೆ ಇದೇ ಪದ ಬಳಕೆಯಲ್ಲಿದೆ ಎಂಬುದು ಆ ಪರಿಕಲ್ಪನೆಯ ವ್ಯಾಪ್ತಿಯನ್ನು ತೋರಿಸುತ್ತದೆ. ಪಾರಿಭಾಷಿಕ ಕೋಶಗಳು ಪ್ಲಾಸ್ಟಿಸಿಟಿಗೆ ಕೊಡುವ ‘ನಮ್ಯತೆ’ ವಸ್ತುವಿನ ಒಂದು ಗುಣವನ್ನಷ್ಟೇ ಹೇಳುತ್ತದೆ.

ವಿಜ್ಞಾನವೂ ಹದವನ್ನು ಅಳೆದಿದೆ. ಸ್ವೀಡನ್ನಿನ ಆಲ್ಬರ್ಟ್ ಅಟರ್‌ಬರ್ಗ್ 1911ರಲ್ಲಿ ಪ್ರತಿಪಾದಿಸಿದ ಮಿತಿಗಳು ಇಂದಿಗೂ ಪ್ರಮಾಣವಾಗಿವೆ. ನಮ್ಯಮಿತಿಯನ್ನು ಕಂಡುಕೊಳ್ಳುವ ವಿಧಾನ ಹೀಗಿದೆ: ಒದ್ದೆಮಣ್ಣಿನ ಉಂಡೆಯನ್ನು ಗಾಜಿನ ಫಲಕದ ಮೇಲೆ ಅಂಗೈಯಿಂದ ಉರುಳಿಸಿ ಸುಮಾರು 3 ಮಿಲಿಮೀಟರ್ ದಪ್ಪದ ಎಳೆ ಮಾಡಬೇಕು, ಎಳೆ ಆ ದಪ್ಪಕ್ಕೆ ಬಂದು ಪುಡಿಯಾಗತೊಡಗಿದಾಗ ಮಣ್ಣಿನಲ್ಲಿರುವ ನೀರಿನ ಪ್ರಮಾಣವೇ ಆ ಮಿತಿ. ಹೊಸ ಮಣ್ಣು ಬಂದಾಗ ಕುಂಬಾರ ಎಳೆ ಹೊಸೆದು, ಬಾಗಿಸಿ, ಬಿರುಕು ನೋಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಾಜಿನ ಫಲಕ ಮತ್ತು ತಕ್ಕಡಿ ಮಾತ್ರ. ಅಂಗೈ ಎರಡೂ ಕಡೆ ಇದೆ. ಆದರೆ ಪ್ರಬಂಧಸಾರಕ್ಕೆ ಬರುವಾಗ ‘ನಮ್ಯತಾ ಸೂಚ್ಯಂಕ ಇಷ್ಟು’ ಎಂಬ ಅಂಕಿ ಉಳಿದು ಅಂಗೈ ಅಳಿಸಿಹೋಗುತ್ತದೆ. ಯಾವ ಕೈ ಉರುಳಿಸಿತು ಎಂಬುದರಿಂದ ಈ ಅಂಕಿ ಬದಲಾಗಬಹುದೆಂದು ಪ್ರಯೋಗಾಲಯದವರಿಗೇ ಗೊತ್ತು.

ಕ್ಷ-ಕಿರಣ ವಿವರ್ತನೆಯ ಮಾತು ಬೇರೆ. 2 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳನ್ನು ಬೇರ್ಪಡಿಸಿ, ಒಣಗಿಸಿ, ಎಥಿಲೀನ್ ಗ್ಲೈಕಾಲ್ ಆವಿಗೆ ಒಡ್ಡಿ, 550 ಡಿಗ್ರಿಗೆ ಕಾಯಿಸಿ, ಪ್ರತಿ ಹಂತದಲ್ಲೂ ಪದರಗಳ ಅಂತರ ಅಳೆಯುತ್ತಾರೆ. ಸ್ಮೆಕ್ಟೈಟ್ ಇದ್ದರೆ ಗ್ಲೈಕಾಲ್ ಹೀರಿ ಅಂತರ 17 ಆಂಗ್‌ಸ್ಟ್ರಾಂಗೆ ಉಬ್ಬುತ್ತದೆ. ಕೇಯೊಲಿನೈಟ್‌ನ 7 ಆಂಗ್‌ಸ್ಟ್ರಾಂ ಶಿಖರ ಕಾಯಿಸಿದಾಗ ಮಾಯವಾಗುತ್ತದೆ. ಇದು ಕುಂಬಾರನ ಕೈಗೆ ಎಟುಕದ ತಿಳಿವು. ಇದನ್ನು ಒಪ್ಪಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಎರೆಮಣ್ಣಿನ ಗಡಿಗೆ ಒಣಗುವಾಗ ಏಕೆ ಸೀಳುತ್ತದೆ, ಮರಳು-ಬೂದಿ ಬೆರೆಸಿದರೆ ಏಕೆ ತಡೆಯುತ್ತದೆ ಎಂಬುದಕ್ಕೆ ಈ ಉಬ್ಬುವ ಪದರಗಳೇ ಉತ್ತರ ಕೊಡುತ್ತವೆ. ಆದರೆ ‘ಏಕೆ’ ಎಂಬ ಪ್ರಶ್ನೆಯನ್ನು ಕೇಳಲು ಮೊದಲು ಸೀಳುತ್ತದೆಂದೂ ತಡೆಯುತ್ತದೆಂದೂ ಕಂಡವರು ಬೇಕಲ್ಲವೇ?

ಈ ಎರಡು ತಿಳಿವುಗಳು ಒಂದೇ ಪುಟದಲ್ಲಿ ಮಾನವಾಗಿ ಕೂಡಿದ ಉದಾಹರಣೆಯಿದೆ. ಮೆಕ್ಸಿಕೋದ ಯುಕಟಾನ್ ಪ್ರದೇಶದ ಟಿಕುಲ್ ಕುಂಬಾರರನ್ನು ಅಭ್ಯಸಿಸಿದ ಡೀನ್ ಆರ್ನಾಲ್ಡ್ 1971ರ ಲೇಖನದಲ್ಲಿ, ಅವರು ಮಣ್ಣುಗಳಿಗೆ ಇಟ್ಟ ಹೆಸರುಗಳನ್ನೂ ಕ್ಷ-ಕಿರಣ ಕಂಡ ಖನಿಜಗಳನ್ನೂ ಅಕ್ಕಪಕ್ಕ ಇರಿಸಿದರು. ಮಾಯಾ ಭಾಷೆಯಲ್ಲಿ ‘ಸಕ್ ಲೂಮ್’, ಎಂದರೆ ಬಿಳಿ ಮಣ್ಣು, ಎಂದು ಅವರು ಬೇರ್ಪಡಿಸುತ್ತಿದ್ದುದು ಪ್ಯಾಲಿಗೋರ್ಸ್ಕೈಟ್ ಎಂಬ ಖನಿಜವನ್ನು. ಪ್ರಾಚೀನ ಮಾಯಾ ಭಿತ್ತಿಚಿತ್ರಗಳ ಮಾಸದ ನೀಲಿ ಬಣ್ಣದ ಗುಟ್ಟು ಇದೇ ಖನಿಜದಲ್ಲಿದೆ. ನೀಲಿಯನ್ನು ಈ ಮಣ್ಣಿನೊಡನೆ ಬೆರೆಸಿ ಕಾಯಿಸಿದರೆ ಆಮ್ಲಕ್ಕೂ ಜಗ್ಗದ ಬಣ್ಣವಾಗುತ್ತದೆಂದು ಜೇಡಿಮಣ್ಣಿನ ರಸಾಯನಶಾಸ್ತ್ರಜ್ಞ ವಾನ್ ಓಲ್ಫೆನ್ 1966ರಲ್ಲಿ ತೋರಿಸಿದ್ದರು. ಬಣ್ಣದ ರಸಾಯನವನ್ನು ಪ್ರಯೋಗಾಲಯ ಬಿಡಿಸಿತು. ಆ ಮಣ್ಣು ಒಂದು ಪ್ರತ್ಯೇಕ ಜಾತಿಯೆಂಬ ತಿಳಿವು ಕುಂಬಾರರ ಮಾತಿನಲ್ಲಿ ಜೀವಂತವಾಗಿತ್ತು. ಸಕಲುಮ್ ಎಂಬ ಊರ ಹೆಸರಿನಲ್ಲೇ ಆ ಮಣ್ಣಿನ ಹೆಸರಿದೆ. ಹಳೆಯ ಗಣಿಯ ಕುರುಹನ್ನು ಆರ್ನಾಲ್ಡ್ ಮತ್ತು ಬೋಹರ್ ಅಲ್ಲಿಯೇ ಗುರುತಿಸಿದರು. ಸ್ಥಳನಾಮ ಅಧ್ಯಯನದಲ್ಲಿ ತೊಡಗಿರುವ ನಮ್ಮವರಿಗೆ ಇದು ಅಪರಿಚಿತ ದಾರಿಯೇನಲ್ಲ.

ಖನಿಜಗಳ ಹೆಸರನ್ನೇ ನೋಡಿ. ಕೇಯೊಲಿನ್ ಎಂಬುದು ಚೀನದ ಜಿಂಗ್‌ಡೆಜೆನ್ ಬಳಿಯ ಗಾವೊಲಿಂಗ್ ದಿಬ್ಬದ ಹೆಸರು. ಪಿಂಗಾಣಿ ಕುಂಬಾರರು ಮಣ್ಣು ತೆಗೆಯುತ್ತಿದ್ದ ಜಾಗ. ಡಬ್ಲಿನ್‌ನಲ್ಲಿ ಆ ಪದವನ್ನು ಉಚ್ಚರಿಸಿದವರೆಲ್ಲ ಅರಿಯದೆಯೇ ಕುಂಬಾರರ ದಿಬ್ಬವೊಂದನ್ನು ಹೆಸರಿಸಿದ್ದಾರೆ.

ಮಂಡನೆಯ ವಿಚಾರ ಸಂಕ್ಷೇಪವಾಗಿ. ಮೌಖಿಕ ಮಂಡನೆಗೆ ಸಾಮಾನ್ಯವಾಗಿ ಹದಿನೈದು-ಇಪ್ಪತ್ತು ನಿಮಿಷ, ಅದರಲ್ಲೇ ಪ್ರಶ್ನೋತ್ತರ. ಎಷ್ಟು ಚಿತ್ರಫಲಕಗಳೆಂಬ ಲೆಕ್ಕದಲ್ಲಿ ಸಿದ್ಧತೆ ಮುಗಿಯುತ್ತದೆ. ಕೊನೆಯ ಫಲಕದಲ್ಲಿ ಧನ್ಯವಾದ, ಅದರ ಮೂಲೆಯಲ್ಲಿ ಅಗೆಯುತ್ತಿರುವ ಒಬ್ಬ ಗ್ರಾಮಸ್ಥನ ಹೆಸರಿಲ್ಲದ ಚಿತ್ರ. ಪೋಸ್ಟರನ್ನು ಎರಡನೆಯ ದರ್ಜೆ ಎಂದು ಭಾವಿಸುವ ರೂಢಿಯಿದೆ. ಇದು ಸರಿಯಲ್ಲ. ರಿಚರ್ಡ್ ಬೌಮನ್ 1970ರ ದಶಕದಲ್ಲಿ ವಿವರಿಸಿದ ಪ್ರದರ್ಶನದ ಅರ್ಥದಲ್ಲಿ, ಎದುರಿಗಿರುವವನನ್ನು ನೋಡಿ ಮಾತನ್ನು ಹಿಗ್ಗಿಸಿ ಕುಗ್ಗಿಸುವ ಅವಕಾಶ ಇರುವುದು ಪೋಸ್ಟರಿನ ಮುಂದೆ ನಿಂತಾಗಲೇ. ಮಣ್ಣಿನ ತುಣುಕನ್ನು ಕೈಗೆ ಕೊಟ್ಟು ತೋರಿಸುವುದೂ ಅಲ್ಲಿ ಸಾಧ್ಯ. ಜಾತ್ರೆಯಲ್ಲಿ ಗಡಿಗೆಯನ್ನು ಬೆರಳಿನಿಂದ ತಟ್ಟಿ ದನಿ ಕೇಳಿ ಕೊಳ್ಳುವ ಹೆಂಗಸರನ್ನು ಕಂಡವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಈ ಚರ್ಚೆ ದೂರದ್ದೆಂದು ಭಾವಿಸುವಂತಿಲ್ಲ. ಬೈದ್ಯನಾಥ ಸರಸ್ವತಿ ಮತ್ತು ಬೆಹುರಾ ಅವರು 1966ರಲ್ಲಿಯೇ ಭಾರತದ ಗ್ರಾಮೀಣ ಕುಂಬಾರಿಕೆಯ ತಂತ್ರಗಳನ್ನು ದಾಖಲಿಸಿದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ 1865ರಲ್ಲಿ ಆರಂಭವಾದದ್ದು ನದಿಯ ಮಣ್ಣನ್ನು ನೆಚ್ಚಿಯೇ. ಖಾನಾಪುರದ ಮಣ್ಣಿನ ಕೀರ್ತಿ ಅಲ್ಲಿಗೆ ಗ್ರಾಮೀಣ ಕುಂಬಾರಿಕೆಯ ತರಬೇತಿ ಸಂಸ್ಥೆಯನ್ನೇ ತಂದಿತು. ಇಂದು ಕೆರೆಯಂಗಳದ ಮಣ್ಣು ಇಟ್ಟಿಗೆ ಗೂಡುಗಳ ಪಾಲಾಗಿ, ಕುಂಬಾರರ ಮಕ್ಕಳು ತಿಗರಿ ಬಿಟ್ಟಿರುವ ಊರುಗಳಲ್ಲಿ, ಮಣ್ಣುಗಳ ಹೆಸರು ಬಲ್ಲ ಕೊನೆಯ ತಲೆಮಾರು ಉಳಿದಿದೆ. ಅಲ್ಲಿಂದ ಒಯ್ದ ಮಾದರಿಗೆ ಅಕ್ಷಾಂಶ-ರೇಖಾಂಶ ಬರೆದು ಹೆಸರನ್ನು ಬಿಟ್ಟರೆ, ಮುಂದೆ ಯಾರೂ ಅದನ್ನು ಮರಳಿ ತರಲಾರರು. ನಮ್ಮ ಜಾನಪದ ಸಂಕಿರಣಗಳ ಸಾರಗಳೂ ‘ಮಾಹಿತಿ ಸಂಗ್ರಹಿಸಲಾಯಿತು’ ಎಂದೇ ಬರೆಯುತ್ತಿರುವಾಗ, ವಿಜ್ಞಾನಿಗಳನ್ನು ಮಾತ್ರ ದೂರುವ ಹಕ್ಕು ನಮಗೆ ಎಷ್ಟಿದೆ ಎಂಬುದನ್ನೂ ಕೇಳಿಕೊಳ್ಳಬೇಕು.

ಪದಮಿತಿ ಅಡ್ಡಿಯೆಂಬ ವಾದವಿದೆ. ಮಣ್ಣಿನ ಊರಹೆಸರು, ತೆಗೆದ ಆಳ, ತೆಗೆದ ಕಾಲ, ಬೆರೆಸುವ ವಸ್ತು, ತೋರಿಸಿಕೊಟ್ಟವರ ಒಪ್ಪಿಗೆಯಿದ್ದರೆ ಅವರ ಹೆಸರು, ಪಕ್ಕದಲ್ಲಿ ಅಟರ್‌ಬರ್ಗ್ ಮಿತಿಯ ಅಂಕಿ: ಇಷ್ಟನ್ನೂ ಬರೆದರೆ 300 ಪದಗಳ ಸಾರದಲ್ಲಿ ಇಪ್ಪತ್ತೈದು ಪದ ಖರ್ಚಾಗುತ್ತದೆ.